ತುಮಕೂರು ಹೊರವಲಯದ ಸರ್ಕಾರಿ ಶಾಲೆಗಳು: ಯಾವುದು ಒಳ್ಳೇದು ಅಂತ ನೋಡೋದು ಹೇಗೆ?

ಕೇಳಿದ್ದು: ಜೂನ್‌ಗೆ ಕ್ಯಾತ್ಸಂದ್ರ ಕಡೆ ಮನೆ ಮಾಡ್ತಿದ್ದೇವೆ. ಒಂದು ಮಗು 2ನೇ ತರಗತಿ, ಇನ್ನೊಂದು 6ನೇದು. ಹತ್ತಿರದ ಸರ್ಕಾರಿ ಶಾಲೆಗಳನ್ನ ಹೋಲಿಸೋದು ಹೇಗೆ?

• ಯುಡೈಸ್ ಪ್ಲಸ್ (ದೇಶದ ಶಾಲೆಗಳ ಮಾಹಿತಿ ಇರೋ ಸರ್ಕಾರಿ ಜಾಲತಾಣ) ಅದರಲ್ಲಿ ‘ನೋ ಯುವರ್ ಸ್ಕೂಲ್’ ತೆಗೀರಿ. ಪ್ರತಿ ಶಾಲೆಗೂ 11 ಅಂಕಿಯ ಕೋಡ್, ನಮ್ಮ ರಾಜ್ಯದ್ದು 29ರಿಂದ ಶುರು. ದಾಖಲಾತಿ ವರ್ಷ ವರ್ಷ ಇಳೀತಿದ್ರೆ ಯೋಚನೆ ಮಾಡಿ. ಮಕ್ಕಳು ಕಮ್ಮಿಯಾದಂತೆ ಶಿಕ್ಷಕರನ್ನ ‘ಹೆಚ್ಚುವರಿ’ ಅಂತ ಬೇರೆ ಕಡೆ ಹಾಕ್ತಾರೆ.

• ಮಕ್ಕಳು-ಶಿಕ್ಷಕರ ಅನುಪಾತ ನೋಡಿ ಮೋಸ ಹೋಗ್ಬೇಡಿ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ 1ರಿಂದ 5ಕ್ಕೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು, 60ರವರೆಗೆ ಇಬ್ಬರು. ಕಾಗದದಲ್ಲಿ ಎಲ್ಲಾ ಸರಿ, ಆದ್ರೆ ಐದು ತರಗತಿಗೆ ಇರೋದು ಇಬ್ಬರೇ! ಒಬ್ಬರು ತರಬೇತಿಗೋ ಸಭೆಗೋ ಹೋದ್ರೆ ಐದೂ ತರಗತಿ ಇನ್ನೊಬ್ಬರ ತಲೆಗೆ. ಹಾಗಾಗಿ ತರಗತಿಗೆ ಎಷ್ಟು ಶಿಕ್ಷಕರು ಅಂತ ಎಣಿಸಿ.

• 6ನೇ ತರಗತಿಗೆ ಕೇಳಬೇಕಾದ್ದೇ ಬೇರೆ. ಗಣಿತ-ವಿಜ್ಞಾನಕ್ಕೆ ಕಾಯಂ ಶಿಕ್ಷಕರು ಇದ್ದಾರಾ? ಇಂಗ್ಲಿಷ್‌ಗೆ? ಮುಖ್ಯ ಶಿಕ್ಷಕರ ಹತ್ತಿರ ಮೂರು ಸಂಖ್ಯೆ ಕೇಳಿ: ಮಂಜೂರಾದ ಹುದ್ದೆ, ಭರ್ತಿ, ನಿಯೋಜನೆ ಮೇಲೆ ಹೋದವರು. ಮೂರನೇದನ್ನ ಯಾರೂ ಕೇಳಲ್ಲ. ಹೆಸರು ಈ ಶಾಲೆಯಲ್ಲಿರುತ್ತೆ, ಪಾಠ ಇನ್ನೆಲ್ಲೋ. ಅತಿಥಿ ಶಿಕ್ಷಕರು ಚೆನ್ನಾಗೇ ಕಲಿಸ್ತಾರೆ, ಆದ್ರೆ ನೇಮಕ ಆ ಸಾಲಿಗೆ ಮಾತ್ರ. ಮುಂದಿನ ಜೂನ್‌ನಲ್ಲಿ ಹೊಸಬರು ಬರೋವರೆಗೆ ಆ ವಿಷಯ ಖಾಲಿ.

• ಚಿಕ್ಕ ಮಗುವಿಗೆ ನಲಿಕಲಿ (ಆಟ, ಚಟುವಟಿಕೆ ಮೂಲಕ ಕಲಿಸೋ ಪದ್ಧತಿ) ಕೊಠಡಿ ನೋಡಿ. 1ರಿಂದ 3 ಒಟ್ಟಿಗೆ ಕೂತಿರ್ತಾರೆ, ಅದು ಪದ್ಧತಿಯೇ, ಗಾಬರಿ ಬೇಡ. ತಲೆ ಮೇಲಿನ ಚಪ್ಪರಕ್ಕೆ ಮಕ್ಕಳ ಹಾಳೆ ತೂಗುಹಾಕಿರ್ತಾರೆ. ಹಾಳೆ ಹಳದಿಯಾಗಿ ದೂಳು ಹಿಡಿದಿದ್ರೆ ಅಲ್ಲಿ ನಲಿಕಲಿ ಗೋಡೆಗಷ್ಟೇ ಸೀಮಿತ. ಆಮೇಲೆ 3ನೇ ತರಗತಿಯ ಯಾವುದಾದ್ರೂ ಮಗುವಿಗೆ, ಶಿಕ್ಷಕರ ಒಪ್ಪಿಗೆ ಪಡೆದು, ಪಠ್ಯದಲ್ಲಿಲ್ಲದ ನಾಲ್ಕು ಸಾಲು ಓದೋಕೆ ಕೊಡಿ. ಒತ್ತಕ್ಷರದಲ್ಲಿ ತಡವರಿಸಿದ್ರೆ ಪರವಾಗಿಲ್ಲ. ಸಾಲನ್ನೇ ಊಹಿಸಿ ಹೇಳಿದ್ರೆ ಬಾಯಿಪಾಠ ಅಂತ ಲೆಕ್ಕ.

• ‘ಇಂಗ್ಲಿಷ್ ಮಾಧ್ಯಮ’ ಬೋರ್ಡ್ ನೋಡಿ ಸೇರಿಸ್ಬೇಡಿ. 2019-20ರಿಂದ ಈ ವಿಭಾಗಗಳು ಬಂದ್ವು. ಕನ್ನಡ ವಿಭಾಗಕ್ಕೂ ಇದಕ್ಕೂ ಒಬ್ಬರೇ ಶಿಕ್ಷಕರಾ, ಅದನ್ನ ವಿಚಾರಿಸಿ.

• ಹೈಸ್ಕೂಲಿನ ಎಸ್‌ಎಸ್‌ಎಲ್‌ಸಿ ‘ನೂರಕ್ಕೆ ನೂರು’ ಬ್ಯಾನರ್‌ಗೆ ಮರುಳಾಗ್ಬೇಡಿ. 12 ಜನ ಬರೆದು 12 ಪಾಸಾದ್ರೂ ಅದೇ ಬ್ಯಾನರ್. ಹಿಂದಿನ ವರ್ಷ 9ನೇ ತರಗತಿಯಲ್ಲಿ ಎಷ್ಟು ಜನ ಇದ್ರು, ಪರೀಕ್ಷೆಗೆ ಎಷ್ಟು ಕೂತ್ರು, ಶೇ 60 ಅಂಕ ದಾಟಿದವರು ಎಷ್ಟು, ಇಷ್ಟು ಸಾಕು.

• ಆದರ್ಶ ವಿದ್ಯಾಲಯದ (6ರಿಂದ ಶುರುವಾಗೋ ಸರ್ಕಾರಿ ಇಂಗ್ಲಿಷ್ ಮಾಧ್ಯಮ ಶಾಲೆ) ಆಸೆ ಇದ್ರೆ, 6ನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ, ಮಗು 5ರಲ್ಲಿದ್ದಾಗಲೇ ಅರ್ಜಿ ಹಾಕಿರಬೇಕು. ಕರ್ನಾಟಕ ಪಬ್ಲಿಕ್ ಶಾಲೆ ಸಿಕ್ಕರೆ ಪಿಯುಸಿವರೆಗೆ ಅಲೆದಾಟ ಇಲ್ಲ. ಹಿರಿಯ ಪ್ರಾಥಮಿಕ ಶಾಲೆ ಕೆಲವು 7ಕ್ಕೇ ಮುಗಿಯುತ್ತೆ, ಕೆಲವು 8ಕ್ಕೆ. ಅದನ್ನೂ ಕೇಳಿಕೊಳ್ಳಿ.

• ಹಳೇ ಶಾಲೆಯಿಂದ ಟಿಸಿ ತರುವಾಗ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ಮಗುವಿಗೂ ಕೊಡೋ ಗುರುತಿನ ಸಂಖ್ಯೆ) ಇದೆಯಾ, ಹೆಸರು, ಹುಟ್ಟಿದ ದಿನಾಂಕ ಆಧಾರ್ ಜೊತೆ ಹೊಂದುತ್ತಾ ನೋಡಿ. ತಪ್ಪಿದ್ರೆ ಅಲ್ಲೇ ತಿದ್ದಿಸಿ. ಇಲ್ಲಿಗೆ ಬಂದಮೇಲೆ ಎರಡೂ ಶಾಲೆ ಮಧ್ಯೆ ಓಡಾಡಬೇಕಾಗುತ್ತೆ.