ಹಳೇ ಟೇಪಿನಿಂದ ಲೆಡ್ಜರ್ ಫೈಲ್ ತೆಗೆಯೋದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಸೊಸೈಟಿ ಸಿಬ್ಬಂದಿ): ನಮಸ್ಕಾರ ಸರ್. ನಮ್ಮ ಹಳೇ ಸರ್ವರ್ ಗುಜರಿ ಸೇರಿ ಬಹಳ ವರ್ಷ ಆಯ್ತು. ಆಗಿನ ಅಡಿಕೆ ಬೆಳೆಗಾರರ ಸಾಲದ ಲೆಡ್ಜರ್ ಈಗ ಆಡಿಟ್‌ಗೆ ಬೇಕಂತೆ. ಬೀರುವಿನಲ್ಲಿ ಒಂದು ಎಲ್‌ಟಿಒ-4 ಟೇಪ್ (ಬ್ಯಾಕಪ್ ಇಡೋ ಮ್ಯಾಗ್ನೆಟಿಕ್ ಟೇಪಿನ 4ನೇ ತಲೆಮಾರು) ಸಿಕ್ಕಿದೆ. ಮೇಲೆ 'ಟಾರ್, ಲೆಡ್ಜರ್ 3ನೇದು' ಅಂತ ಪೆನ್ನಲ್ಲಿ ಬರೆದಿದೆ. ಶಿವಮೊಗ್ಗದಲ್ಲಿ ಪರಿಚಯದವರ ಹತ್ರ ಎಲ್‌ಟಿಒ-7 ಡ್ರೈವ್ ಇದೆ. ಲಿನಕ್ಸ್ ಅಲ್ಪಸ್ವಲ್ಪ ಬರುತ್ತೆ. ತಗೊಂಡು ಹೋಗ್ಲಾ?

ಉತ್ತರ: ಹೋಗ್ಬೇಡಿ ಮೇಡಂ, ಅದರಲ್ಲಿ ಓದೋಕಾಗಲ್ಲ. 7ನೇ ತಲೆಮಾರಿನ ಡ್ರೈವ್ ಹಿಂದಿನ ಎರಡನ್ನು, ಅಂದ್ರೆ 6 ಮತ್ತು 5ನ್ನು ಮಾತ್ರ ಓದುತ್ತೆ. ನಿಮಗೆ 4, 5 ಅಥವಾ 6 ಬೇಕು.

ಡ್ರೈವ್ ಸಿಗೋವರೆಗೆ ಟೇಪನ್ನು ಒಣ ಕೋಣೆಯಲ್ಲಿಡಿ. ನಮ್ಮ ಕಡೆ ಮಳೆಗಾಲದಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಸ್ಟು ಹಿಡಿಯುತ್ತೆ. ಟೇಪಿನ ಮೇಲೆ ಬೂಸ್ಟು ಕಂಡರೆ ಡ್ರೈವಿಗೆ ಹಾಕಲೇಬೇಡಿ, ಡೇಟಾ ರಿಕವರಿಯವರಿಗೆ ಕೊಡಿ. ಬೂಸ್ಟು ಇಲ್ಲದಿದ್ರೆ ಡ್ರೈವ್ ಇರೋ ರೂಮಿನಲ್ಲೇ ಒಂದು ದಿನ ಇಟ್ಟು, ಆಮೇಲೆ ಡ್ರೈವಿಗೆ ಹಾಕಿ. ಅದಕ್ಕೂ ಮೊದಲು ಕಾರ್ಟ್ರಿಡ್ಜಿನ ಸಣ್ಣ ಗುಂಡಿಯನ್ನು ಲಾಕ್ ಕಡೆ ಸರಿಸಿ. ಟಾರ್ ಅಂದ್ರೆ ಹಲವು ಫೈಲುಗಳನ್ನು ಒಂದೇ ಕಟ್ಟು (ಆರ್ಕೈವ್) ಮಾಡೋ, ಬಿಚ್ಚೋ ಕಮಾಂಡ್. ಅದರಲ್ಲಿ 'ಎಕ್ಸ್' ಬದಲು ಚಿಕ್ಕ ಅಕ್ಷರದ 'ಸಿ' ಒತ್ತಿಬಿಟ್ಟರೆ ತೆಗೆಯೋ ಬದಲು ಬರೆಯೋಕೆ ಶುರುವಾಗುತ್ತೆ. ಆಮೇಲೆ ಹಿಂದಿನದ್ದು ಯಾವುದೂ ಕೈಗೆ ಸಿಗಲ್ಲ.

ಪ್ರಶ್ನೆ: ಎಲ್‌ಟಿಒ-5 ಡ್ರೈವ್ ಸಿಕ್ತು ಸರ್. ಎಂಟಿ (ಟೇಪ್ ಡ್ರೈವ್ ನಡೆಸೋ ಕಮಾಂಡ್) ಸ್ಟೇಟಸ್ ಸರಿಯಾಗಿ ತೋರಿಸ್ತಿದೆ. ಆದ್ರೆ 'ಟಾರ್ -ಟಿವಿಎಫ್ /ಡೆವ್/ಎಸ್‌ಟಿ0' ಕೊಟ್ರೆ 'ಕ್ಯಾನಾಟ್ ಅಲೋಕೇಟ್ ಮೆಮರಿ' ಅನ್ನುತ್ತೆ. ಮಷೀನಲ್ಲಿ 16 ಜಿಬಿ ರ‍್ಯಾಮ್ ಇದೆಯಲ್ಲ!

ಉತ್ತರ: ರ‍್ಯಾಮಿಗೂ ಇದಕ್ಕೂ ಸಂಬಂಧ ಇಲ್ಲ, ಆ ಮೆಸೇಜು ಎಲ್ಲರನ್ನೂ ದಾರಿ ತಪ್ಪಿಸುತ್ತೆ. ಟಾರ್ ತಾನಾಗಿ 10,240 ಬೈಟಿನ ಬ್ಲಾಕ್ (ಒಂದೇ ಸಲಕ್ಕೆ ಓದೋ, ಬರೆಯೋ ತುಂಡು) ಓದೋಕೆ ನೋಡುತ್ತೆ. ಟೇಪಿನಲ್ಲಿ ಬರೆದಿರೋ ಬ್ಲಾಕ್ ಅದಕ್ಕಿಂತ ದೊಡ್ಡದಿದ್ರೆ ಡ್ರೈವರ್ ಹೀಗೆ ಗೊಣಗುತ್ತೆ. ಅಳತೆ ಕಂಡುಹಿಡಿಯೋಣ:

ಎಂಟಿ -ಎಫ್ /ಡೆವ್/ಎನ್‌ಎಸ್‌ಟಿ0 ರಿವೈಂಡ್
ಎಂಟಿ -ಎಫ್ /ಡೆವ್/ಎನ್‌ಎಸ್‌ಟಿ0 ಸೆಟ್‌ಬಿಎಲ್‌ಕೆ 0
ಡಿಡಿ ಐಎಫ್=/ಡೆವ್/ಎನ್‌ಎಸ್‌ಟಿ0 ಒಎಫ್=ಚೂರು ಬಿಎಸ್=1ಎಂ ಕೌಂಟ್=1

'ಚೂರು' ಫೈಲಿನ ಗಾತ್ರವೇ ಬ್ಲಾಕಿನ ಗಾತ್ರ. ಅದನ್ನು 512ರಿಂದ ಭಾಗಿಸಿ ಟಾರ್‌ನ '-ಬಿ'ಗೆ ಕೊಡಿ. 65,536 ಬಂದ್ರೆ 128, 2,62,144 ಬಂದ್ರೆ 512.

ಇನ್ನೊಂದು, ಎಸ್‌ಟಿ0 ಬಿಡಿ, ಎನ್‌ಎಸ್‌ಟಿ0 ಬಳಸಿ. ಎರಡೂ ಒಂದೇ ಡ್ರೈವಿನ ಹೆಸರುಗಳು. ಮೊದಲನೆಯದು ಪ್ರತಿ ಕಮಾಂಡ್ ಮುಗಿದ ಕೂಡಲೇ ಟೇಪನ್ನು ಬುಡಕ್ಕೆ ಸುತ್ತಿಬಿಡುತ್ತೆ. ನಿಮಗೆ 3ನೇ ಆರ್ಕೈವ್ ಬೇಕಲ್ಲ, ರಿವೈಂಡ್ ಮಾಡಿ ಎಂಟಿಗೆ 'ಎಫ್‌ಎಸ್‌ಎಫ್ 2' ಕೊಡಿ, ಆರ್ಕೈವ್ ಮುಗಿದಲ್ಲಿ ಇರೋ ಎರಡು ಗುರುತು ದಾಟಿ 3ನೇದರ ಶುರುವಿನಲ್ಲಿ ನಿಲ್ಲುತ್ತೆ. ಟಾರ್‌ಗೆ '-ಟಿ' ಹಾಕಿ ಪಟ್ಟಿ ನೋಡಿ. ಆಮೇಲೆ ಮತ್ತೆ ರಿವೈಂಡ್, ಮತ್ತೆ ಎಫ್‌ಎಸ್‌ಎಫ್, ಆಗ '-ಎಕ್ಸ್'. ಪಟ್ಟಿ ಓದಿದ ಮೇಲೆ ಟೇಪ್ ಎಲ್ಲಿ ನಿಂತಿದೆ ಅಂತ ಊಹೆ ಮಾಡೋದಕ್ಕಿಂತ ಇದೇ ವಾಸಿ. ಖಾಲಿ ಫೋಲ್ಡರ್ ಮಾಡಿ '-ಸಿ' (ದೊಡ್ಡ ಅಕ್ಷರದ್ದು) ಹಾಕಿ ಅದರೊಳಗೇ ಬಿಚ್ಚಿ.

ಪ್ರಶ್ನೆ: 65,536 ಬಂತು, ಪಟ್ಟಿನೂ ಬಂತು! ಆದ್ರೆ ತೆಗೆದ ಫೈಲಲ್ಲಿ ಹೆಸರುಗಳೆಲ್ಲ ಏನೇನೋ ಇಂಗ್ಲಿಷ್ ಅಕ್ಷರ. ಟೇಪ್ ಹಾಳಾಗಿದ್ಯಾ?

ಸದಸ್ಯರೊಬ್ಬರು (ಸಾಗರ): ಅಂಕಿಗಳು ಸರಿಯಾಗಿವೆಯಾ ಅಕ್ಕ? ಹಾಗಿದ್ರೆ ಅದು ಹಳೇ ನುಡಿ ಫಾಂಟಿನ ಆಸ್ಕಿ ಬರಹ, ಅಂದ್ರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ತೋರಿಸೋ ಹಳೇ ವಿಧಾನ. ನುಡಿಯ ಪರಿವರ್ತಕದಲ್ಲಿ ಯೂನಿಕೋಡಿಗೆ ಹಾಕಿ.

ಉತ್ತರ: ಹೌದು, ಅದೇ. ಪರಿವರ್ತನೆ ನಕಲಿನ ಮೇಲೆ ಮಾಡಿ, ಟೇಪಿನಿಂದ ಬಂದ ಫೈಲನ್ನು ಹಾಗೇ ಆಡಿಟರಿಗೆ ಇಡಿ.