ಮನೆಯಲ್ಲೇ ಬ್ರೇಕ್ ಪ್ಯಾಡ್ ಹಾಕಿದ್ದೇನೆ, ದೇವರಾಯನದುರ್ಗ ಹತ್ತಿಸಬಹುದಾ?

ಬಟವಾಡಿ_ವ್ಯಾಗನ್ಆರ್:
ನಮಸ್ಕಾರ. ನಮ್ಮ ವ್ಯಾಗನ್ಆರ್‌ನ ಮುಂದಿನ ಎರಡೂ ಚಕ್ರದ ಬ್ರೇಕ್ ಪ್ಯಾಡ್ ನಾನೇ ಮನೆ ಮುಂದೆ ಬದಲಾಯಿಸಿದೆ. ಪೆಡಲ್ ಗಟ್ಟಿಯಾಗಿದೆ. ನಮ್ಮ ಬೀದಿಯಲ್ಲಿ ನಿಧಾನಕ್ಕೆ ಓಡಿಸಿದೆ, ಚೆನ್ನಾಗೇ ನಿಲ್ಲುತ್ತದೆ. ಎಡಗಡೆ ಮಾತ್ರ ಸಣ್ಣಗೆ ಕೀಚ್ ಅನ್ನುವ ಸದ್ದು. ಭಾನುವಾರ ಅಪ್ಪ ಅಮ್ಮನನ್ನು ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗಬೇಕು. ಮತ್ತೆ ಚಕ್ರ ಬಿಚ್ಚಿ ನೋಡಬೇಕಾ? ಅಪ್ಪ ಬಿಚ್ಚು ಅಂತಾರೆ. ನನಗೆ ಜಾಕಿ ಹಾಕೋದೇ ಬೇಜಾರು.

ಗುಬ್ಬಿಗೇಟ್_ಗೆಳೆಯ:
ಬ್ರೇಕ್ ವಿಷಯದಲ್ಲಿ ಸಾಹಸ ಯಾಕೆ ಗುರು? ಸುಮ್ನೆ ಗ್ಯಾರೇಜಿಗೆ ಬಿಡಿ.

ಡಿಪೋ_ತಾತ:
ಬಸ್ ಡಿಪೋದಲ್ಲಿ ಬ್ರೇಕ್ ಕೆಲಸ ಮಾಡಿ ರಿಟೈರ್ ಆದವನು ನಾನು. ಬಸ್ಸಿನದು ಗಾಳಿ ಬ್ರೇಕು, ನಿಮ್ಮದು ಆಯಿಲ್ ಬ್ರೇಕು. ಆದರೆ ಬೋಲ್ಟ್ ಎಲ್ಲಿದ್ದರೂ ಬೋಲ್ಟೇ. ಅಪ್ಪ ಹೇಳಿದ್ದು ಸರಿ, ಬಿಚ್ಚಪ್ಪ.

ಪೆಡಲ್ ಗಟ್ಟಿ ಇದೆ ಅಂದರೆ ಲೈನಿನಲ್ಲಿ ಏರ್ ಇಲ್ಲ, ಪಿಸ್ಟನ್ ಬಂದು ಪ್ಯಾಡಿಗೆ ಕೂತಿದೆ ಅಂತ ಅಷ್ಟೇ. ಪ್ಯಾಡ್ ಹಿಡಿದಿರುವ ಕ್ಯಾಲಿಪರ್‌ನ ಬೋಲ್ಟ್ ಅರ್ಧಂಬರ್ಧ ಟೈಟಾಗಿದ್ದರೂ ಪೆಡಲ್ ಗಟ್ಟಿಯಾಗೇ ಇರುತ್ತದೆ. ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ಓಡಿ ಓಡಿ ಅಲುಗಾಡಿ ಸಡಿಲ ಆದಮೇಲೆ ಗೊತ್ತಾಗುತ್ತದೆ, ಅದೂ ಇಳಿಜಾರಿನಲ್ಲೇ.

ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿ ಒಂದನ್ನೇ ನಂಬದೆ ಸ್ಟ್ಯಾಂಡ್ ಇಟ್ಟು ಬಿಚ್ಚಿ. ಈ ಸಲ ಸ್ಪ್ಯಾನರ್ ಅಪ್ಪನ ಕೈಗೆ ಕೊಡಿ. ಹಾಕಿದವನ ಕಣ್ಣಿಗೆ ತಾನು ಹಾಕಿದ್ದೆಲ್ಲ ಸರಿಯಾಗೇ ಕಾಣುತ್ತದೆ. ಮ್ಯಾನುಯಲ್‌ನಲ್ಲಿ ಇರುವಷ್ಟು ಬಿಗಿ ಮಾಡಿ, ಬೋಲ್ಟಿನ ತಲೆಯಿಂದ ಕ್ಯಾಲಿಪರ್ ಮೇಲಕ್ಕೆ ಒಂದೇ ಗೆರೆಯಾಗಿ ಬಿಳಿ ಪೇಂಟ್ ಎಳೆಯಿರಿ. ಅಮ್ಮನ ನೈಲ್ ಪಾಲಿಶ್ ಇದ್ದರೂ ಆದೀತು. ಬೋಲ್ಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಆಮೇಲೆ ಚಕ್ರ ಬಿಚ್ಚುವ ಗೋಜೇ ಇಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಸಾಕು. ಸ್ಟೇರಿಂಗ್ ತಿರುಗಿಸಿದಾಗ ರಬ್ಬರ್ ಪೈಪ್ ಟೈರಿಗೆ ತಾಗುತ್ತಾ, ತಿರುಚಿಕೊಂಡಿದೆಯಾ ಅಂತಲೂ ನೋಡಿಕೊಳ್ಳಿ.

ಹೊಸ ಪ್ಯಾಡ್ ಪಳಗುವ ತನಕ ಸ್ವಲ್ಪ ಕೀಚ್ ಅನ್ನುವುದು ಇದ್ದದ್ದೇ. ಆದರೆ ಒಂದೇ ಕಡೆ ಅಂತೀರಲ್ಲ, ಅಲ್ಲಿ ಕ್ಲಿಪ್ ಕೂತಿದೆಯಾ, ಪ್ಯಾಡಿನ ಕಬ್ಬಿಣದ ಮೈ ತಪ್ಪಿ ಡಿಸ್ಕ್ ಕಡೆ ತಿರುಗಿಲ್ಲ ತಾನೇ ನೋಡಿ. ನಗಬೇಡಿ, ಉಲ್ಟಾ ಹಾಕಿದ್ದನ್ನೂ ನೋಡಿದ್ದೇನೆ. ಗರಗರ ಅಂದರೆ ಮಾತ್ರ ಒಂದಡಿಯೂ ಓಡಿಸಬೇಡಿ.

ಗುಬ್ಬಿಗೇಟ್_ಗೆಳೆಯ:
ತಾತ, ಗ್ಯಾರೇಜಿನಲ್ಲಿ ಹಾಕಿಸಿದರೂ ಗೆರೆ ಎಳೆಯಬೇಕಾ?

ಡಿಪೋ_ತಾತ:
ಎಳೆಯಿರಿ. ಮೆಕ್ಯಾನಿಕ್ ಗೊಣಗಿದರೆ ಗೊಣಗಲಿ.

ಬಟವಾಡಿ_ವ್ಯಾಗನ್ಆರ್:
ಸರಿ ತಾತ, ಬಿಚ್ಚುತ್ತೇನೆ. ಇನ್ನೊಂದು. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮ್ಯಾಕ್ಸ್ ಗೆರೆಗಿಂತ ಮೇಲೆ ಬಂದಿದೆ. ನಾನೇನೂ ಹೊಸದಾಗಿ ಹಾಕಿಲ್ಲ.

ಡಿಪೋ_ತಾತ:
ಹಳೇ ಪ್ಯಾಡ್ ಸವೆದಂತೆ ಆಯಿಲ್ ಕೆಳಗಿಳಿದಿರುತ್ತದೆ. ಯಾರೋ ನಡುವೆ ಟಾಪಪ್ ಮಾಡಿರುತ್ತಾರೆ. ಈಗ ನೀವು ಪಿಸ್ಟನ್ ಒಳಗೆ ತಳ್ಳಿದಿರಿ, ಅಷ್ಟೂ ವಾಪಸ್ ಡಬ್ಬಿಗೆ ಬಂತು. ಹೊಸ ಸಿರಿಂಜಿನಲ್ಲಿ ಎಳೆದು ಮ್ಯಾಕ್ಸ್‌ಗಿಂತ ಕೆಳಗೆ ತನ್ನಿ. ಬಾಡಿ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ, ಇಲ್ಲದಿದ್ದರೆ ಪೇಂಟ್ ಎದ್ದುಬಿಡುತ್ತದೆ.

ಚಕ್ರ ಹಾಕಿದ ಮೇಲೆ ಕಾರು ನೆಲಕ್ಕಿಳಿಸಿ, ನಾಲ್ಕು ನಟ್ಟನ್ನೂ ಎದುರುಬದುರಾಗಿ ಕೊನೇ ಟೈಟ್ ಕೊಡಿ. ಗಾಡಿ ಕದಲಿಸುವ ಮೊದಲು ಪೆಡಲ್ ನಾಲ್ಕಾರು ಸಲ ಒತ್ತಿ. ಇಂಜಿನ್ ಓಡುತ್ತಿರುವಾಗ ಒತ್ತಿ ಹಿಡಿದರೆ ಪೆಡಲ್ ನಿಂತಲ್ಲೇ ನಿಲ್ಲಬೇಕು. ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಲೀಕ್ ಇದೆ, ಗಾಡಿ ತೆಗೆಯಬೇಡಿ.

ಬೆಟ್ಟಕ್ಕೆ ಶನಿವಾರವೇ ತಯಾರಿ ಮಾಡಿ. ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿ ವೇಗವನ್ನು 50ರಿಂದ 10ಕ್ಕೆ ಹದವಾಗಿ ಇಳಿಸಿ. ಹೀಗೇ ಕೆಲವು ಸಲ, ನಡುನಡುವೆ ಆರಲು ಬಿಟ್ಟು. ನಿಲ್ಲಿಸಿ ಎರಡೂ ರಿಮ್ ಹತ್ತಿರ ಕೈ ಒಡ್ಡಿ. ಮುಟ್ಟಬೇಡಿ. ಒಂದು ಕಡೆ ಕೆಂಡದ ಹಾಗೆ, ಇನ್ನೊಂದು ತಣ್ಣಗೆ ಅಂದರೆ ಕ್ಯಾಲಿಪರ್ ಪಿನ್ನೋ ಪಿಸ್ಟನ್ನೋ ಹಿಡಿದಿದೆ ಅಂತ. ಭಾನುವಾರ ಬೆಟ್ಟ ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಸಿ, ಬ್ರೇಕ್ ಮೇಲೇ ಕಾಲಿಟ್ಟು ಬರಬೇಡಿ. ಮೇಲೆ ಕಿಟಕಿ ಏರಿಸಿಕೊಂಡಿರಿ, ಕೋತಿ ಕಾಟ ಜಾಸ್ತಿ.