ಹಳೇ ಪೇಟೆಯ ಸಂರಕ್ಷಿತ ಕಟ್ಟಡದಲ್ಲಿ ಎರಡನೇ ಮಹಡಿಯ ಮನೆ ಮಾರಾಟಕ್ಕಿದೆ, ತಗೋಬಹುದಾ?

ಕಿಟಕಿ_ಪಕ್ಕ

ಎಲ್ಲರಿಗೂ ನಮಸ್ಕಾರ. ಊರಿನ ಹಳೇ ಭಾಗದಲ್ಲಿ ಒಂದು ಮನೆ ನೋಡಿದ್ದೇವೆ. ಮೂರು ಮಹಡಿಯ ಕಟ್ಟಡ, ಅದರಲ್ಲಿ ಎರಡನೆಯದು. ದಾಖಲೆ ಪ್ರಕಾರ 1850ರ ಆಸುಪಾಸಿನದು. ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲೂ ಇದೆ. ಗೋಡೆ ಎಷ್ಟು ದಪ್ಪ ಅಂದ್ರೆ, ಕಿಟಕಿಯ ಒಳಗೆ ಕಾಲು ಮಡಚಿ ಕೂತು ಪುಸ್ತಕ ಓದಬಹುದು. ಮೇಲೆ ಮರದ ತೊಲೆ, ಕೆಳಗೆ ಮರದ ಹಲಗೆಯ ನೆಲ. ಎರಡು ಸಲ ಹೋಗಿ ಬಂದೆ. ಮನಸ್ಸು ಅಲ್ಲೇ ಇದೆ.

ಎರಡು ವಿಷಯ ಕಾಡ್ತಾ ಇದೆ. ಮಲಗುವ ಕೋಣೆಯ ಹೊರಗೋಡೆಯ ಮೂಲೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದಾರೆ. ಹಜಾರದ ನೆಲ ನಡುವೆ ಸ್ವಲ್ಪ ತಗ್ಗಿದೆ, ನಡೆದರೆ ಕಾಲಿಗೆ ಗೊತ್ತಾಗುತ್ತೆ. ಕೇಳಿದರೆ "ಹಳೇ ಮನೆ ಅಂದ್ರೆ ಹಾಗೇ" ಅಂದರು. ಹೌದಾ? ಇಂಥ ಮನೆಯಲ್ಲಿ ಇದ್ದವರು ದಯವಿಟ್ಟು ಹೇಳಿ.

ಗಾರೆಗೋಡೆ

ಮೇಡಂ, ನಾನು ಇಂಥದ್ದೇ ಮನೆಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಬಿಟ್ಟು ಹೋಗುವ ಯೋಚನೆ ಒಮ್ಮೆಯೂ ಬಂದಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತೇನೆ.

ಆ ಹೊಸ ಬಣ್ಣದ ಮೂಲೆ ಏನು ಅಂತ ಗೊತ್ತಾಗುವ ತನಕ ಮುಂಗಡ ಕೊಡಬೇಡಿ. ಇಡೀ ಮನೆ ಬಿಟ್ಟು ಒಂದು ಮೂಲೆಗೆ ಬಣ್ಣ ಬಳಿದಿದ್ದಾರೆ ಅಂದ್ರೆ ಅಲ್ಲಿ ಏನೋ ಇತ್ತು.

ನಮ್ಮನೆಯಲ್ಲೂ ಹಾಗೇ ಒಂದು ಮೂಲೆ ಇತ್ತು. ಗಿಲಾವು ಉಬ್ಬಿ ಉದುರ್ತಿತ್ತು. ಒಬ್ಬ ಗುತ್ತಿಗೆದಾರರನ್ನು ಕರೆಸಿದೆ. ಅವರು ಸುಣ್ಣದ ಗಾರೆ ಕಿತ್ತು, ಸಿಮೆಂಟ್ ಮೆತ್ತಿ, ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದು ಹೋದರು. ಎರಡು ವರ್ಷ ಗೋಡೆ ಫಳಫಳ ಅಂತಿತ್ತು. ಮೂರನೇ ಮಳೆಗಾಲಕ್ಕೆ ಸಿಮೆಂಟ್ ಎಲ್ಲಿ ಮುಗಿದಿತ್ತೋ ಅಲ್ಲಿಂದ ಮೇಲೆ ತೇವ ಹತ್ತಿತು. ಬಿಳೀ ಉಪ್ಪು ಪುಡಿಪುಡಿಯಾಗಿ ಬಂತು. ಆ ಗೋಡೆಯೊಳಗೆ ಹೂತಿದ್ದ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯ ತನಕ ಒಳಗೆ ಹೋಯ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಕೆ ಹೀಗಾಯ್ತು ಅಂದ್ರೆ, ಸುಣ್ಣದ ಗಾರೆ ನೀರು ಕುಡಿಯುತ್ತೆ, ಗಾಳಿ ಆಡಿದಾಗ ಬಿಟ್ಟುಕೊಡುತ್ತೆ. ಸಿಮೆಂಟ್ ಹಾಗಲ್ಲ. ಒಳಗಿನ ತೇವವನ್ನು ಒಳಗೇ ಹಿಡಿದಿಡುತ್ತೆ. ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಅದು ಎಲ್ಲರ ಮನೆಗೆ ಬರೋಕೆ ಇನ್ನೂ ಎಷ್ಟೋ ದಶಕ ಬೇಕಾಯ್ತು. ನಿಮ್ಮ ಕಟ್ಟಡದ ವಯಸ್ಸು ನೋಡಿದರೆ ಅದೂ ಸುಣ್ಣದ್ದೇ ಇರಬೇಕು. ಮರದಲ್ಲಿ ತೇವ ಶೇಕಡ 20 ದಾಟಿ ತುಂಬ ದಿನ ನಿಂತರೆ ಶಿಲೀಂಧ್ರ ಹಿಡಿಯುತ್ತೆ. ಹೊರಗೋಡೆಯೊಳಗೆ ಹೂತ ತೊಲೆಯ ತುದಿಗೇ ಅಪಾಯ ಜಾಸ್ತಿ, ಮತ್ತು ಅದು ಕಣ್ಣಿಗೆ ಕಾಣಲ್ಲ.

ಕೊನೆಗೆ ಮೂಲ ಎಲ್ಲಿತ್ತು ಗೊತ್ತಾ? ಮಾಡಿನ ಅಂಚಿನಲ್ಲಿ ಮಳೆನೀರು ಹರಿದುಹೋಗೋ ದೋಣಿ ಒಡೆದಿತ್ತು. ನಮ್ಮ ಮನೆಗಿಂತ ಎರಡು ಮಹಡಿ ಮೇಲೆ! ದೋಣಿ ರಿಪೇರಿ ಮಾಡಿಸಿ, ಸಿಮೆಂಟ್ ಪೂರ್ತಿ ಕೆತ್ತಿಸಿ, ಗೋಡೆ ಒಣಗಲಿ ಅಂತ ಕಾದೆವು. ದಪ್ಪ ಗೋಡೆಗೆ ಇಂಚಿಗೆ ಒಂದು ತಿಂಗಳು ಅಂತ ಅಂದಾಜು ಹೇಳ್ತಾರೆ. ನಾವು ಒಂದು ವರ್ಷಕ್ಕೂ ಜಾಸ್ತಿ ಬರೀ ಕಲ್ಲಿನ ಗೋಡೆ ನೋಡ್ಕೊಂಡು ಮಲಗಿದ್ದೇವೆ. ಆಮೇಲೆ ಸುಣ್ಣದ ಕೆಲಸ ಬಲ್ಲ ಹಿರಿಯ ಮೇಸ್ತ್ರಿ ಒಬ್ಬರು ತೆಳ್ಳಗೆ ಮೂರು ಪದರ ಗಾರೆ ಹಾಕಿಕೊಟ್ಟರು. ತೊಲೆಯ ಕೊಳೆತ ಭಾಗ ಮಾತ್ರ ಕತ್ತರಿಸಿ ಅದೇ ಜಾತಿಯ ಮರ ಜೋಡಿಸಿದರು. ಉಳಿದದ್ದು ಹಳೇ ಮರವೇ. ಕೈಯಿಟ್ಟರೆ ಈಗಲೂ ಖುಷಿ ಆಗುತ್ತೆ.

ಆದ್ದರಿಂದ ಮಳೆ ಬರುವಾಗ ಹೋಗಿ. ಮೊದಲು ಬೀದಿಯಲ್ಲಿ ನಿಂತು ಹೊರಗೋಡೆ ನೋಡಿ, ಹಸಿರು ಪಾಚಿಯ ಗೆರೆ ಎಲ್ಲಿಂದ ಇಳಿದಿದೆ ಅಂತ. ಆಮೇಲೆ ಮಾಡಿನ ತನಕ ಹತ್ತಿ. ನಿಮ್ಮ ಮನೆ ಕೊನೆಗೆ ನೋಡಿದರೂ ಆಯ್ತು.

ಕಡತ

ಗಾರೆಗೋಡೆಯವರು ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಮಾಡು ಯಾರದ್ದು? ರಿಪೇರಿ ಖರ್ಚು ಹೇಗೆ ಹಂಚ್ತಾರೆ? ಮನೆ ಮಾಲೀಕರ ಸಂಘದ ಕಳೆದ ಐದು ವರ್ಷದ ಸಭೆಯ ನಡಾವಳಿ ಕೇಳಿ ಓದಿ. "ಮಾಡಿನ ರಿಪೇರಿ ಮುಂದಿನ ಸಭೆಗೆ" ಅಂತ ಪ್ರತಿ ಸಲವೂ ಬರೆದಿದ್ದರೆ ಆ ಖರ್ಚು ನಿಮಗಾಗಿ ಕಾಯ್ತಾ ಇದೆ ಅಂತಲೇ ಅರ್ಥ.

ಪಟ್ಟಿಯಲ್ಲಿರುವ ಕಟ್ಟಡದಲ್ಲಿ ಕಿಟಕಿ ಬದಲಾಯಿಸೋಕೂ ಅನುಮತಿ ಬೇಕಾಗಬಹುದು. ಹಿಂದಿನವರು ಅನುಮತಿ ಇಲ್ಲದೆ ಏನಾದರೂ ಒಡೆದಿದ್ದರೆ ಅದನ್ನು ಸರಿಮಾಡುವ ಹೊರೆ ಹೊಸ ಮಾಲೀಕರ ತಲೆಗೆ ಬರಬಹುದು. ಸಂಬಂಧಪಟ್ಟ ಕಚೇರಿಯಿಂದ ಬರಹದಲ್ಲೇ ತಗೊಳ್ಳಿ.

ತಂತಿ

ವೈರಿಂಗ್ ಮರೀಬೇಡಿ. ಬಟ್ಟೆ ಸುತ್ತಿದ ಹಳೇ ರಬ್ಬರ್ ವೈರ್ ಇದ್ದರೆ, ಅರ್ಥಿಂಗ್ ಇಲ್ಲದಿದ್ದರೆ, ಪೂರ್ತಿ ಹೊಸದು ಹಾಕಿಸಬೇಕು. ಮಕ್ಕಳಿದ್ದರೆ ಬಾಗಿಲು ಕಿಟಕಿಯ ಹಳೇ ಬಣ್ಣವನ್ನು ಪರೀಕ್ಷೆ ಮಾಡಿಸದೆ ಉಜ್ಜಿಸಬೇಡಿ. ಅದರಲ್ಲಿ ಸೀಸ ಇರಬಹುದು. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧ ಆದದ್ದೇ 1978ರಲ್ಲಿ. ಉಜ್ಜಿದಾಗ ಏಳುವ ಧೂಳು ಮಕ್ಕಳಿಗೆ ತುಂಬ ಕೆಟ್ಟದ್ದು.

ಕಿಟಕಿ_ಪಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಮಳೆಯಲ್ಲೇ ಹೋಗಿದ್ದೆವು, ಹಳೇ ಕಟ್ಟಡಗಳ ಅನುಭವ ಇರುವ ಎಂಜಿನಿಯರ್ ಒಬ್ಬರನ್ನು ಕರ್ಕೊಂಡು. ಗಾರೆಗೋಡೆಯವರೇ, ನೀವು ಹೇಳಿದ್ದೇ! ದೋಣಿಯೊಳಗೆ ಒಂದು ಗಿಡ ಬೆಳೆದು ನಿಂತಿದೆ. ನೀರೆಲ್ಲ ಆ ಮೂಲೆಗೇ ಇಳೀತಿದೆ. ತೇವ ಅಳೆಯುವ ಮೀಟರ್ ಆ ತೊಲೆಯ ತುದಿಯಲ್ಲಿ ಶೇಕಡ 26 ತೋರಿಸ್ತು. ಬೇರೆ ತೊಲೆಗಳಲ್ಲಿ 13, 14.

ನೆಲ ತಗ್ಗಿದ್ದಕ್ಕೆ ಕಾರಣ ಬೇರೆ. ಕೆಳಗಿನ ಮನೆಯವರು ಹಿಂದೆ ಯಾವಾಗಲೋ ಒಂದು ಮರದ ಅಡ್ಡಗೋಡೆ ತೆಗೆಸಿದ್ದಾರೆ. ಕಾಲ ಕಳೆದಂತೆ ಮೇಲಿನ ನೆಲದ ಭಾರ ಆ ಗೋಡೆ ಮೇಲೆ ಕೂತಿತ್ತಂತೆ. ಈಗ ಏನು ಮಾಡಲಿ? ಬಿಡೋಕೂ ಮನಸ್ಸಿಲ್ಲ.

ಗಾರೆಗೋಡೆ

ಒಂದೇ ತೊಲೆ ಅಂದ್ರೆ ನನಗೆ ಸಮಾಧಾನ ಆಯ್ತು. ಇದು ರಿಪೇರಿ ಆಗುವ ಮನೆ. ದೋಣಿ ರಿಪೇರಿ, ತೊಲೆ, ಕೆಳಗಿನ ಗೋಡೆಗೆ ಬದಲಿ ಆಸರೆ, ಈ ಮೂರನ್ನೂ ಯಾರು ಯಾವಾಗ ಮಾಡಿಸ್ತಾರೆ ಅಂತ ಕರಾರಿನಲ್ಲಿ ಬರೆಸಿ. ಕೆಳಗಿನವರನ್ನೂ ಸಂಘವನ್ನೂ ಕೂರಿಸಿಯೇ ಮಾತಾಡಿ. ಆಗಲ್ಲ ಅಂದರೆ ಎಷ್ಟೇ ಇಷ್ಟವಾದರೂ ಬಿಟ್ಟುಬಿಡಿ, ಅಲ್ಲಿ ನಿಮ್ಮ ಮನೆಯವರು ಮಲಗ್ತಾರೆ. ಒಪ್ಪಿದರೆ ಸುಣ್ಣದ ಕೆಲಸಕ್ಕೆ ನನಗೆ ಮೆಸೇಜ್ ಮಾಡಿ. ಗಾರೆ ಹೇಗೆ ಕಲಸಬೇಕು, ಎಷ್ಟು ದಿನ ಒದ್ದೆ ಗೋಣಿಚೀಲ ಹೊದಿಸಬೇಕು, ಎಲ್ಲಾ ಬರೆದಿಟ್ಟಿದ್ದೇನೆ.